ಟಿಕೆಟ್ ಇದ್ದಾತ ಮಾತಾಡಂಗಿಲ್ಲ

ಟಿ.ಸಿ. ಸಾಹೇಬರು ತೀರಿಕೊಂಡರು ಎಂದು ಫೋನು ಬಂದಾಗ ನಾನು ನಂಬಲಿಲ್ಲ. ನಂಬದಂತೆ ನನ್ನನ್ನು ತಯಾರು ಮಾಡಿದವರೇ ಅವರು. ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ಹೆಂಗಸಿನ ದನಿ, ಜಲ್ದಿ ಬರ್ರಿ ಎಂಬ ಅವಸರ. ಇವೆಲ್ಲ ಒಟ್ಟಿಗೆ ಬಂದರೆ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯಬೇಕು ಎಂದು ಅವರು ಎಷ್ಟು ಸಲ ಹೇಳಿದ್ದರೋ. ಹಾಗಾಗಿ ಅಳುವ ಬದಲು ನಾನು ಆ ಹೆಂಗಸಿಗೆ ಒಂದು ಪ್ರಶ್ನೆ ಹಾಕಿದೆ. ಏನು ಕೇಳಿದೆ, ಆಕೆ ಏನು ಹೇಳಿದಳು ಎಂಬಲ್ಲಿಗೆ ಬರುತ್ತೇನೆ. ಅವರು ಎಂಥವರಾಗಿದ್ದರು ಎಂದು ಮೊದಲು ಹೇಳದಿದ್ದರೆ ನೀವು ನನ್ನನ್ನು ಕಲ್ಲೆದೆಯವಳು ಎಂದುಕೊಳ್ಳುತ್ತೀರಿ.

ಹೆಸರು ಬರೆಯುವುದಿಲ್ಲ. ಬರೆದರೆ ಇದ್ದಲ್ಲಿಂದಲೇ ಅವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಫೋನು ಎತ್ತಿದಾಗ ಆ ಕಡೆಯವರು ಯಾರು ಮಾತಾಡುವುದು ಎಂದು ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ. ‘ಫೋನ್ ಹಚ್ಚಿದಾತ ನೀನು. ಮೊದ್ಲು ನೀನು ಹೇಳು.’ ಹೊಸಪೇಟೆ ರೈಲ್ವೆ ಸ್ಟೇಷನ್ ಹತ್ತಿರದ ನಮ್ಮ ಓಣಿಗೆ ಅವರು ಟಿ.ಸಿ. ಸಾಹೇಬರು, ಅಷ್ಟೇ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ಮಾಡಿ ರಿಟೈರಾದವರು. ಹೆಂಡತಿ ಹೋದ ಮೇಲೆ ಎರಡು ಹೊತ್ತಿನ ಊಟಕ್ಕೆ ನನ್ನ ಖಾನಾವಳಿಗೆ ಬರುತ್ತಿದ್ದರು. ಮಕ್ಕಳಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಆದರೂ ಊಟಕ್ಕೆ ಬರುವ ಎಲ್ಲರಂತೆ ನನ್ನನ್ನು ಅಕ್ಕಾರೆ ಎಂದೇ ಕರೆಯುತ್ತಿದ್ದರು.

ಮೊದಲ ದಿನವೇ ಜಗಳ. ತಟ್ಟೆಗೆ ಬಿಸಿ ರೊಟ್ಟಿ ಹಾಕಿದರೆ ತಿನ್ನಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವಂತೆ ಬೆರಳ ಹಿಂಬದಿಯಿಂದ ರೊಟ್ಟಿಯನ್ನು ಮುಟ್ಟಿದರು. ಅಂಚು ಮುರಿದು ಬೆಳಕಿಗೆ ಹಿಡಿದರು.

‘ಅಕ್ಕಾರೆ, ಇದು ನಿನ್ನಿ ರೊಟ್ಟಿ ಏನ್ರಿ? ಬಿಸಿ ಮಾಡಿ ಹಾಕೀರಿ?’

ನನ್ನ ಮೈಯೆಲ್ಲ ಉರಿಯಿತು. ನಾಲ್ಕು ಜನರ ಎದುರು ಕೇಳುವ ಮಾತೇ ಅದು? ಬೇಕಾದರೆ ಒಳಗೆ ಬಂದು ನೋಡಿ ಎಂದೆ. ಬಾಯಿಮಾತಿಗೆ ಅಂದದ್ದು. ಅವರು ನಿಜವಾಗಿಯೂ ಎದ್ದು ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ನಮ್ಮ ಹೆಂಗಸರು ಬಡಿದ ಒಂದು ರೊಟ್ಟಿ ಹಂಚಿಗೆ ಬಿದ್ದು ಉಬ್ಬುವ ತನಕ ನೋಡಿ, ತಿರುಗಿ ಹೋಗಿ ಕುಳಿತು ಊಟ ಮಾಡಿದರು. ತಪ್ಪಾಯಿತು ಎನ್ನಲಿಲ್ಲ. ಮರುದಿನ ಬಂದರು, ಅದರ ಮರುದಿನವೂ ಬಂದರು. ರೊಟ್ಟಿ ಮುಟ್ಟಿ ನೋಡುವ ಚಟ ಮಾತ್ರ ಬಿಡಲಿಲ್ಲ. ನಾನೂ ಬೈಯುವುದನ್ನು ಬಿಡಲಿಲ್ಲ.

ಗೋಡೆಗೆ ಬೆನ್ನು ಹಚ್ಚಿ ಬಾಗಿಲಿಗೆ ಮುಖ ಮಾಡಿ ಕೂರುವುದು ಅವರ ರೂಢಿ. ಒಳಗೆ ಬಂದವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ಅಷ್ಟು ಜನರ ನಡುವೆ ಟಿಕೆಟ್ ಇಲ್ಲದವರನ್ನು ಹೇಗೆ ಹಿಡಿಯುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ.

‘ಟಿಕೆಟ್ ಇದ್ದಾತ ಮಾತಾಡಂಗಿಲ್ಲ ಅಕ್ಕಾರೆ. ಕೈ ಕಿಸೆಕ ಹೋಗ್ತೈತಿ, ಅಷ್ಟ. ಇಲ್ಲದಾತಗ ಮಾತು. ಅವ್ವಗ ಆರಾಮಿಲ್ಲ ಅಂತಾನ, ಕೌಂಟರ್ ಬಂದ್ ಇತ್ತು ಅಂತಾನ, ಜಲ್ದಿ ಇಳೀಬೇಕ್ರಿ ಅಂತಾನ. ನಾ ಇನ್ನಾ ಕೇಳೇ ಇರಂಗಿಲ್ಲ.’

ಈಗ ರೈಲು ಇರಲಿಲ್ಲ, ಫೋನು ಇತ್ತು. ಮೋಸದ ಕರೆ ಬಂದರೆ ಅವರಿಗೆ ಮತ್ತೆ ಡ್ಯೂಟಿಗೆ ಹಾಜರಾದ ಹಾಗೆ. ಸ್ಪೀಕರ್ ಹಾಕಿ, ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ, ಬೆರಳೆತ್ತಿ ನಮಗೆಲ್ಲ ಸುಮ್ಮನಿರಲು ಸನ್ನೆ ಮಾಡುತ್ತಿದ್ದರು. ಒಮ್ಮೆ ಬ್ಯಾಂಕಿನವನು ಎಂದು ಹೇಳಿಕೊಂಡು ಒಬ್ಬ ಮಾತಾಡಿದ. ಸಂಜೆಯೊಳಗೆ ನಿಮ್ಮ ಖಾತೆ ಬಂದ್ ಆಗುತ್ತದೆ, ಲಿಂಕ್ ಕಳಿಸಿದ್ದೇನೆ, ಒತ್ತಿ ಎಂದ. ಸಾಹೇಬರು ಯಾವ ಶಾಖೆಯಿಂದ ಎಂದು ಕೇಳಿದರು. ‘ಸಂದೂರ್ ಬ್ರಾಂಚ್’ ಎಂದ. ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿದರು. ನಮ್ಮ ಕಡೆ ಮಾತು ಬಂದ ಕೂಸೂ ಸೊಂಡೂರು ಎನ್ನುತ್ತದೆ. ಬರೆಯುವವರು ಸಂಡೂರು ಎಂದು ಬರೆಯುತ್ತಾರೆ. ಸಂದೂರ್ ಎನ್ನುವವನು ಇಂಗ್ಲಿಷ್ ಅಕ್ಷರ ನೋಡಿ ಓದುತ್ತಿರುವವನು, ಈ ಕಡೆಯ ಕೆಂಪು ಧೂಳು ಕಾಲಿಗೆ ಅಂಟದವನು.

‘ಲೇ ತಮ್ಮ, ಮೊದ್ಲು ಒಮ್ಮಿ ಸೊಂಡೂರು ನೋಡ್ಕಂಡು ಹೋಗು. ಆಮ್ಯಾಲೆ ಅಲ್ಲಿ ಮ್ಯಾನೇಜರ್ ಆಗುವಂತಿ.’

ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ನಾಳೆ ಅವನು ಸೊಂಡೂರು ಎನ್ನುವುದನ್ನೂ ಕಲಿಯುತ್ತಾನೆ, ಆಗ ಏನು ಮಾಡುತ್ತೀರಿ ಎಂದು ನಮ್ಮನ್ನೇ ಕೇಳಿದರು. ಅವರ ಮಾತು ನಿಜವಾಯಿತು. ಸ್ವಲ್ಪ ದಿನದಲ್ಲೇ ನಮ್ಮ ಭಾಷೆಯಲ್ಲೇ ಕರೆಗಳು ಬರತೊಡಗಿದವು. ಆರಾಮ ಅದೀರೇನ್ರಿ, ಊಟ ಆತೇನ್ರಿ ಎಂದು ಶುರುಮಾಡಿ, ಕರೆಂಟ್ ಬಿಲ್ಲು ಬಾಕಿ ಐತಿ, ಲೈನ್ ಕಟ್ ಮಾಡ್ತೀವಿ ಎನ್ನುವವರು. ನಮ್ಮವರೇ ಯಾರೋ ಎಲ್ಲೋ ಕುಳಿತು ಈ ದಂಧೆ ಮಾಡುತ್ತಿದ್ದಾರೆ ಎಂದು ತಿಳಿದಾಗ ನನಗೆ ಹೊರಗಿನವರ ಮೋಸಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಆಮೇಲೆ ಸಾಹೇಬರು ಪಾಠ ಬದಲಿಸಿದರು. ದನಿ ನಂಬಬೇಡಿ, ಪರದೆಯ ಮೇಲೆ ಕಾಣುವ ಹೆಸರು ನಂಬಬೇಡಿ. ಬ್ಯಾಂಕಿನವರು ಎಂದರೆ ಫೋನು ಇಟ್ಟು, ಪಾಸ್‌ಬುಕ್ಕಿನ ಮೇಲಿರುವ ನಂಬರಿಗೆ ನೀವೇ ಹಚ್ಚಿ ಕೇಳಿ, ಇಲ್ಲವೇ ಎದ್ದು ಬ್ಯಾಂಕಿಗೇ ನಡೆಯಿರಿ. ಕರೆ ಬಂದ ನಂಬರಿಗೆ ಮಾತ್ರ ತಿರುಗಿ ಹಚ್ಚಬೇಡಿ. ಇದನ್ನು ಅವರು ಹೇಳುತ್ತಿದ್ದ ರೀತಿ, ‘ಬಂದ ದಾರ್ಯಾಗ ಹೊಳ್ಳಿ ಹೋಗಬ್ಯಾಡ್ರಿ.’ ನಮ್ಮ ಓಣಿಯಲ್ಲಿ ಇದು ಬಾಯಿಪಾಠವಾಗಿತ್ತು.

ಹಂಪಿ ನೋಡಲು ಬಂದ ಒಂದು ಜೋಡಿ ಮಧ್ಯಾಹ್ನ ಸೂಟ್‌ಕೇಸ್ ಎಳೆದುಕೊಂಡು ಬಂದು ನನ್ನಲ್ಲಿ ಊಟಕ್ಕೆ ಕುಳಿತಿತ್ತು. ಹುಡುಗಿಯ ಕಣ್ಣು ಕೆಂಪಾಗಿತ್ತು. ಫೋನಿನಲ್ಲಿ ನೋಡಿ, ಹೊಳೆಯಾಚೆ ಒಂದು ಕೋಣೆಗೆ ಪೂರ್ತಿ ಬಾಡಿಗೆ ಕಟ್ಟಿ ಬಂದಿದ್ದರು. ಅಲ್ಲಿಗೆ ಹೋದರೆ ಬರೀ ಗದ್ದೆ. ಸಾಹೇಬರು ಆ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು, ನಾವೆಲ್ಲ ಬಲ್ಲ ಒಂದು ಕಂಪನಿಯ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಹೆಚ್ಚಿಗೆ ಇರುವುದನ್ನು ತೋರಿಸಿದರು. ಖೊಟ್ಟಿ ಪಾಸಿನ ಮೇಲಿನ ಸೀಲೂ ಹೀಗೆಯೇ ಇರುತ್ತಿತ್ತು, ದೂರದಿಂದ ಮಸ್ತ್ ಕಾಣುತ್ತದೆ, ಹತ್ತಿರದಿಂದ ಒಂದು ಅಕ್ಷರ ಸೊಟ್ಟ ಎಂದರು. ತಡ ಮಾಡದೆ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಲು ಹೇಳಿ ಆ ಹುಡುಗನನ್ನು ತಾವೇ ಕರೆದುಕೊಂಡು ಹೋದರು. ಹೋಗುವಾಗ ದಾರಿಯುದ್ದಕ್ಕೂ ಅವನನ್ನು ಬೈದರಂತೆ.

ನಾನೂ ಬೀಳುವವಳಿದ್ದೆ. ಯಶವಂತನಗರದಿಂದ ಬರುವ ಅದಿರು ಲಾರಿಯ ಡ್ರೈವರ್ ಒಬ್ಬ ನಮ್ಮಲ್ಲಿ ಉಣ್ಣುತ್ತಿದ್ದ, ಒಳ್ಳೆಯ ಮನುಷ್ಯ. ಅವನ ನಂಬರಿನಿಂದ ವಾಟ್ಸಾಪಿಗೆ ಲಗ್ನಪತ್ರ ಬಂತು. ಕುಟುಂಬ ಸಮೇತ ಬನ್ನಿ ಎಂದಿತ್ತು, ಕೆಳಗೆ ಒತ್ತಿ ತೆರೆಯುವ ಒಂದು ಫೈಲು. ಒತ್ತಿದೆ. ಇದನ್ನು ಇನ್‌ಸ್ಟಾಲ್ ಮಾಡಲೇ ಎಂದು ಫೋನು ಕೇಳಿತು. ಕನ್ನಡಕ ಇಲ್ಲದೆ ಓದಲಾಗದೆ ಸಾಹೇಬರ ಮುಂದೆ ಹಿಡಿದೆ. ಅವರು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು ಎಂದೇ ಹೇಳಬೇಕು.

‘ಯಾರ ಲಗ್ನ ಅಕ್ಕಾರೆ? ಅವನ ಮಗ ಇನ್ನಾ ಅಂಗನವಾಡಿಗೆ ಹೊಕ್ಕಾನ. ಲಗ್ನಪತ್ರ ಕೊಡಾಕ ಮಂದಿ ಮನಿಗೆ ಬರ್ತಾರ, ಪತ್ರದ ಮೂಲಿಗೆ ಕುಂಕುಮ ಹಚ್ಚಿ ಕೈಯಾಗ ಕೊಡ್ತಾರ. ಯಾವ ಪತ್ರ ಎಲ್ಯಾರ ನಾ ನಿಮ್ಮ ಮನ್ಯಾಗ ಇರ್ಲ್ಯಾ ಅಂತ ಕೇಳ್ತೈತೇನ್ರಿ?’

ನಮ್ಮ ಹತ್ತಿರವಿದ್ದ ಅವನ ಹೆಂಡತಿಯ ನಂಬರಿಗೆ ಹಚ್ಚಿದೆವು. ಆ ಡ್ರೈವರ್ ಅದೇ ಪತ್ರವನ್ನು ಬೇರೆ ಯಾರಿಂದಲೋ ಪಡೆದು ಒತ್ತಿದ್ದ. ಅಲ್ಲಿಂದ ಅವನ ಫೋನು ಅವನ ಕೈಯಲ್ಲಿರಲಿಲ್ಲ, ತಾನೇ ಊರೆಲ್ಲ ಲಗ್ನಕ್ಕೆ ಕರೆಯುತ್ತಿತ್ತು. ಕರೆದವರನ್ನು ಇಲ್ಲ ಎನ್ನಬಾರದು ಎಂಬುದು ನಮ್ಮ ಮಂದಿಯ ರಕ್ತದಲ್ಲೇ ಇದೆ. ಯಾರೋ ಆ ರಕ್ತದ ರುಚಿ ನೋಡಿಬಿಟ್ಟಿದ್ದರು. ಅಂದಿನಿಂದ ಕುಂಕುಮವಿಲ್ಲದ ಪತ್ರವನ್ನು ನಾನು ತೆರೆಯುವುದಿಲ್ಲ, ಯಾರದೇ ಇರಲಿ.

ಇಷ್ಟೆಲ್ಲ ಹೇಳಿ ಅವರನ್ನು ದೇವರ ಜಗುಲಿಯ ಮೇಲೆ ಕೂರಿಸಿದರೆ ಸುಳ್ಳಾಗುತ್ತದೆ. ಅವರ ಸಂಶಯಕ್ಕೆ ಬ್ರೇಕ್ ಇರಲಿಲ್ಲ. ಬಂಡ್ರಿಯ ಒಬ್ಬ ಹಿರಿಯ ಊಟ ಮಾಡಿ, ಫೋನಿನಿಂದ ದುಡ್ಡು ಹಾಕಿದ್ದೇನೆ ಎಂದು ಹೊರಟಿದ್ದ. ದುಡ್ಡು ಬಂದರೆ ಕೂಗಿ ಹೇಳುವ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿ ಇನ್ನೂ ಕೂಗಿರಲಿಲ್ಲ. ಸಾಹೇಬರು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು. ಆತ ಹಾಕೀನ್ರಿ, ಖರೇನ ಹಾಕೀನ್ರಿ ಎಂದು ಫೋನು ತೋರಿಸಿದ. ತೋರಿಸುವುದನ್ನು ಯಾರು ಬೇಕಾದರೂ ತೋರಿಸುತ್ತಾರೆ ಎಂದರು ಇವರು. ಆತ ಮಾತು ಹೆಚ್ಚು ಮಾಡಿದಷ್ಟೂ ಇವರ ಸಂಶಯ ಬಲಿಯಿತು. ಅಷ್ಟರಲ್ಲಿ ಡಬ್ಬಿ ತಡವಾಗಿ ಕೂಗಿತು. ಆ ಮನುಷ್ಯ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಹೋದ. ಮತ್ತೆ ನನ್ನ ಖಾನಾವಳಿ ಮೆಟ್ಟಿಲು ತುಳಿಯಲಿಲ್ಲ. ಅವತ್ತು ನಾನು ಸಾಹೇಬರಿಗೆ ಕಿವಿ ಬಿಸಿಯಾಗುವಂತೆ ಹೇಳಿದೆ, ಇದು ರೈಲು ಅಲ್ಲ, ಊಟದ ಮನೆ ಎಂದು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆದರೆ ಮರುದಿನ ರೊಟ್ಟಿ ಮುಟ್ಟಿಯೇ ನೋಡಿದರು.

ಯಂತ್ರಗಳು ಮನುಷ್ಯರ ದನಿಯನ್ನೇ ಕದ್ದು ಮಾತಾಡುತ್ತವೆ ಎಂಬ ಸುದ್ದಿ ಪೇಪರಿನಲ್ಲಿ ಬರತೊಡಗಿದಾಗ ಅವರು ನಮಗೆಲ್ಲ ಟಿಕೆಟ್ ಹಂಚಿದರು. ಟಿಕೆಟ್ ಎಂದರೆ ಚೀಟಿಯಲ್ಲ, ಒಂದು ಮಾತು. ಒಂದೊಂದು ಮನೆಗೆ ಒಂದೊಂದು ಮಾತು, ಆ ಮನೆಯವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರಬಾರದು. ಮಗನ ದನಿಯಲ್ಲೋ ತಮ್ಮನ ದನಿಯಲ್ಲೋ ಹೊಸ ನಂಬರಿನಿಂದ ಫೋನು ಬಂದು, ಆಕ್ಸಿಡೆಂಟ್ ಆಗಿದೆ, ಪೊಲೀಸರು ಹಿಡಿದಿದ್ದಾರೆ ಎಂದು ಅವಸರ ಮಾಡಿದರೆ ಮೊದಲು ‘ಟಿಕೆಟ್?’ ಎಂದು ಕೇಳಬೇಕು. ಹೇಳಿದರೆ ಸರಿ, ಇಲ್ಲದಿದ್ದರೆ ಇಳಿಸಿಬಿಡಬೇಕು. ನನಗೂ ಅವರಿಗೂ ನಡುವೆ ಒಂದು ಟಿಕೆಟ್ ಇರಲಿ ಎಂದರು. ನಾನು ದೇವರ ಹೆಸರು ಹೇಳಿದೆ, ಅದು ಬೇಡವಂತೆ, ಯಾರು ಬೇಕಾದರೂ ಊಹಿಸುತ್ತಾರೆ. ಕೊನೆಗೆ ಅವರೇ ಆರಿಸಿದರು: ನಿನ್ನಿ ರೊಟ್ಟಿ. ನನಗೆ ಕೋಪವೂ ಬಂತು, ನಗುವೂ ಬಂತು. ಜೀವಮಾನದಲ್ಲಿ ನಿನ್ನೆಯ ರೊಟ್ಟಿ ಬಡಿಸದವಳಿಗೆ ಇಂಥ ಗುರುತೇ?

ಆ ಸಿಟ್ಟಿನಲ್ಲೇ ಕೆಣಕಿದೆ. ಊರಿಗೆಲ್ಲ ಹಂಚಿದಿರಿ, ನಿಮ್ಮ ಸ್ವಂತದವರಿಗೆ ಯಾರಿಗೆ ಕೊಟ್ಟಿದ್ದೀರಿ ಎಂದೆ.

‘ಒಬ್ಬಾಕಿ ಅದಾಳ್ರಿ ಕಂಪ್ಲ್ಯಾಗ. ತಂಗಿ. ಆಕಿಗೆ ಒಂದ್ ಸಲ ಟಿಕೆಟ್ ಕೇಳಿದ್ದೆ. ಅಲ್ಲಿಗೆ ಮುಗೀತು.’

ಆಮೇಲೆ ನಿಧಾನವಾಗಿ ಹೇಳಿದ ಕತೆ ಇದು. ಅವರು ನಮ್ಮ ಓಣಿಯ ಮನೆ ಕಟ್ಟಿಸಿದ ಹೊಸತು, ಮರುದಿನ ಗೃಹಪ್ರವೇಶ. ಹಿಂದಿನ ದಿನವೂ ಅವರಿಗೆ ರೈಲಿನಲ್ಲಿ ಡ್ಯೂಟಿ ಇತ್ತು. ಒಬ್ಬಳೇ ತಂಗಿ, ಆಕೆಯ ಗಂಡ ಕಂಪ್ಲಿಯಲ್ಲಿ ಅಕ್ಕಿ ಅಂಗಡಿ ಇಟ್ಟವನು. ಇಬ್ಬರೂ ಬಳ್ಳಾರಿಯಲ್ಲಿ ಅಣ್ಣ ಅತ್ತಿಗೆಗೆ ಉಡುಗೊರೆ ಕೊಡಲು ಆಹೇರಿನ ಬಟ್ಟೆ ಕೊಂಡು, ಅಲ್ಲಿಂದಲೇ ಹೊಸಪೇಟೆಯ ರೈಲು ಹತ್ತಿದ್ದರು. ಗಂಡ ಟಿಕೆಟ್ ಕೊಳ್ಳಲು ಹೊರಟರೆ ತಂಗಿ ತಡೆದಿದ್ದಳಂತೆ. ಅಣ್ಣನ ಗಾಡಿಗೆ ಟಿಕೆಟ್ ಯಾಕೆ ಎಂದು. ಆಕೆಗೆ ಅದು ಹೆಮ್ಮೆಯ ಮಾತು, ತವರುಮನೆಯ ಎತ್ತಿನ ಬಂಡಿ ಏರಿದ ಹಾಗೆ. ರೈಲಿನ ಡಬ್ಬಿಯೊಳಗೆ ಅಣ್ಣ ಬಂದ. ಜನರ ನಡುವೆ ನಿಂತು ಎಲ್ಲರನ್ನೂ ಕೇಳಿದಂತೆ ಕೇಳಿದ, ಟಿಕೆಟ್? ತಂಗಿ ಮಾತಾಡಲಿಲ್ಲ. ಆಹೇರಿನ ಚೀಲ ಮಡಿಲಲ್ಲಿಟ್ಟುಕೊಂಡು ಅಣ್ಣನ ಮುಖವನ್ನೇ ನೋಡಿದಳು. ಇವರು ದಂಡದ ರಸೀದಿ ಬರೆದರು. ತಂಗಿಯ ಗಂಡ ಕೆಂಪಾಗಿ ದಂಡ ಕಟ್ಟಿ, ಮುಂದೆ ದರೋಜಿ ಸ್ಟೇಷನ್ ಬಂದಾಗ ಹೆಂಡತಿಯ ಕೈ ಹಿಡಿದು ಇಳಿದುಬಿಟ್ಟ. ಮರುದಿನ ಹೊಸ ಮನೆಗೆ ಕಳಸ ಹಿಡಿದು ಮೊದಲು ಕಾಲಿಡಬೇಕಾದ ಮನೆಮಗಳೇ ಇರಲಿಲ್ಲ. ಓಣಿಯ ಯಾರೋ ಹಿಡಿದರು. ಅಂದಿನಿಂದ ಹೋಗುವುದಿಲ್ಲ, ಬರುವುದಿಲ್ಲ. ಹೆಂಡತಿ ಸತ್ತಾಗ ತಂಗಿ ಬಂದು ದೂರದಿಂದ ಹೂ ಹಾಕಿ ಹೋದಳಂತೆ. ಆಗಲೂ ಮಾತಿಲ್ಲ.

‘ನನ್ನ ಸರ್ವಿಸ್‌ನ್ಯಾಗ ಟಿಕೆಟ್ ಇಲ್ಲದ ಸುಮ್ನ ಕುಂತಾಕಿ ಆಕಿ ಒಬ್ಬಾಕಿನ ಅಕ್ಕಾರೆ. ಬ್ಯಾರೆದಾರೆಲ್ಲ ಮಾತಾಡಿದ್ರು.’

ಎಲ್ಲರನ್ನೂ ಅನುಮಾನಿಸುವ ಈ ಮನುಷ್ಯ ಒಳಗೊಳಗೆ ಆ ಒಬ್ಬಳ ಫೋನಿಗೆ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಆವತ್ತು. ತಾವಾಗಿ ಹೋಗಿ ಮಾತಾಡಿಸಬಹುದಲ್ಲ ಎಂದೆ. ನಿಯಮದ ಪ್ರಕಾರ ನಾನು ಮಾಡಿದ್ದು ತಪ್ಪಲ್ಲ ಎಂದರು. ತಪ್ಪು ಎಂದು ನಾನು ಅಂದಿರಲೇ ಇಲ್ಲ.

ಫೋನು ಬಂದೇ ಬಂತು, ಖಾನಾವಳಿ ತುಂಬಿದ ಮಧ್ಯಾಹ್ನದ ಹೊತ್ತಿನಲ್ಲಿ. ಗೊತ್ತಿಲ್ಲದ ನಂಬರು ಕಂಡು ಅವರು ಸ್ಪೀಕರ್ ಹಾಕಿದರು, ಭರಣಿಗೆ ಒರಗಿಸಿದರು, ಬೆರಳೆತ್ತಿದರು.

‘ಅಣ್ಣಾ, ನಾನು. ಇವ್ರನ್ನ ದವಾಖಾನಿಗೆ ಸೇರ್ಸೀವಿ. ಎದಿ ನೋವು. ಜಲ್ದಿ ಬಾ ಅಣ್ಣಾ.’

ಹೊಸ ನಂಬರು, ಬಂಧುವಿನ ದನಿ, ದವಾಖಾನೆ, ಅವಸರ. ಅವರು ಹೇಳಿಕೊಟ್ಟ ಲಕ್ಷಣ ಒಂದೂ ಬಿಟ್ಟಿರಲಿಲ್ಲ. ನೋಡಿದಿರಾ ಎಂಬಂತೆ ನಮ್ಮ ಕಡೆ ಹುಬ್ಬು ಹಾರಿಸಿದರು. ಯಾರು ನೀನು ಎಂದು ಕೇಳುತ್ತಲೇ ಆಕೆ ಮತ್ತೆ ‘ನಾನು ಅಣ್ಣಾ’ ಎಂದಳು.

‘ನಾನು ಅನ್ನಾರು ಭಾಳ ಮಂದಿ ಅದಾರಮ್ಮ. ಟಿಕೆಟ್ ತೋರ್ಸು.’

ಗಣಿ ಕಂಪನಿಯ ಬಸ್ಸಿನಿಂದ ಇಳಿದು ಬಂದಿದ್ದ ಕೆಲವರು ಕಿಸಕ್ಕನೆ ನಕ್ಕರು. ಆ ಕಡೆ ಮಾತು ನಿಂತಿತು. ಫೋನು ಕಟ್ಟಾಗಿರಲಿಲ್ಲ. ಯಾವುದೋ ಗಾಲಿ ಉರುಳುವ ಸದ್ದು, ದೂರದಲ್ಲಿ ಯಾರನ್ನೋ ಕೂಗುವ ಸದ್ದು ಕೇಳುತ್ತಿತ್ತು. ಆಕೆ ಮಾತ್ರ ಸುಮ್ಮನೆ ಇದ್ದಳು. ಮೋಸಗಾರ ಎಂದೂ ಹಾಗೆ ಸುಮ್ಮನಿರುವುದಿಲ್ಲ. ನಾನು ಸಾಹೇಬರ ಎತ್ತಿದ ಬೆರಳನ್ನೇ ನೋಡುತ್ತಿದ್ದೆ. ಅದು ನಿಧಾನವಾಗಿ ಕೆಳಗಿಳಿಯಿತು. ಫೋನು ಎತ್ತಿಕೊಳ್ಳುವಷ್ಟರಲ್ಲಿ ಕರೆ ನಿಂತಿತ್ತು.

‘ಆಕಿನ ಅಕ್ಕಾರೆ. ಅವತ್ತು ಕುಂತಂಗ ಸುಮ್ನ ಕುಂತ್ಲು.’

ಅದೇ ನಂಬರಿಗೆ ಹಚ್ಚಲು ಹೊರಟರು. ನಾನು ಕೈ ಹಿಡಿದೆ. ಬಂದ ದಾರಿಯಲ್ಲಿ ಹೊಳ್ಳಿ ಹೋಗಬಾರದು ಎಂದು ನೀವೇ ಹೇಳಿದ್ದೀರಿ, ನಿಮ್ಮ ಹತ್ತಿರ ಇರುವ ಆಕೆಯ ನಂಬರಿಗೆ ಹಚ್ಚಿ ಎಂದೆ. ನನಗೆ ನಿಜವಾಗಿಯೂ ಭಯವಾಗಿತ್ತು, ಇದು ಇನ್ನೂ ದೊಡ್ಡ ಬಲೆ ಇರಬಹುದೆಂದು.

‘ನನ್ನ ಹತ್ರ ಬ್ಯಾರೆ ದಾರಿ ಇಲ್ರಿ. ಇಷ್ಟ್ ವರ್ಷ ಆಕಿ ನಂಬರ್ ಇಟ್ಕಂಡೇ ಇಲ್ಲ.’

ಹಚ್ಚಿದರು. ಒಬ್ಬ ನರ್ಸ್ ಎತ್ತಿಕೊಂಡು, ಹೌದು, ಕಂಪ್ಲಿಯ ಹೆಂಗಸು ಈಗ ತನ್ನ ಫೋನು ಇಸಿದುಕೊಂಡು ಮಾತಾಡಿದಳು, ಇದು ಬಳ್ಳಾರಿಯ ದವಾಖಾನೆ ಎಂದಳು. ಸಾಹೇಬರು ಕೈ ತೊಳೆಯಲಿಲ್ಲ. ಅರ್ಧ ತಿಂದ ರೊಟ್ಟಿ ತಟ್ಟೆಯಲ್ಲೇ ಇತ್ತು. ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಸ್ಟೇಷನ್ ಕಡೆ ಓಡಿದರು. ಆ ವಯಸ್ಸಿನಲ್ಲಿ ಓಡಿದರು.

ಮುಂದಿನದು ಅವರು ತಿರುಗಿ ಬಂದ ಮೇಲೆ ನನಗೆ ಹೇಳಿದ್ದು. ಹೊರಟ ಗಾಡಿ ಹತ್ತಿ ಕುಳಿತ ಮೇಲೆ ನೆನಪಾಯಿತಂತೆ, ಟಿಕೆಟ್ ತೆಗೆಸಿಲ್ಲ. ತೋರಣಗಲ್ಲು ದಾಟುವಾಗ ಮೀಸೆ ಚಿಗುರಿದ ಒಬ್ಬ ಟಿ.ಸಿ. ಬಂದು ಎದುರು ನಿಂತ.

‘ಆತ ಇನ್ನಾ ಕೇಳೇ ಇರ್ಲಿಲ್ರಿ, ನಾನ ಶುರು ಮಾಡ್ದೆ. ತಂಗಿ ಗಂಡ ದವಾಖಾನ್ಯಾಗ ಅದಾನ ಅಂದೆ, ಗಾಡಿ ಹೊಂಟಿತ್ತು ಅಂದೆ, ನಾನೂ ಇದ ಕೆಲಸ ಮಾಡಿದಾತ ಅಂದೆ. ಎಲ್ಲಾ ಖರೇನ. ಕೇಳಾರಿಗೆ ಪಕ್ಕಾ ಸುಳ್ಳಿನಂಗ ಇತ್ತು. ಆ ಹುಡುಗ ನನ್ನ ಚಪ್ಪಲಿ ನೋಡಿ ರಸೀದಿ ಬರದ. ಬರೀಲಿ ಬಿಡ್ರಿ, ನಾನಾಗಿದ್ರೂ ಬರೀತಿದ್ದೆ.’

ನನಗೆ ಬಂಡ್ರಿಯ ಆ ಹಿರಿಯ ನೆನಪಾದ. ಅವರಿಗೂ ನೆನಪಾಗಿರಬೇಕು, ಅವನು ಮತ್ತೆ ಊಟಕ್ಕೆ ಬಂದನೇನು ಎಂದು ಕೇಳಿದರು. ಇಲ್ಲ ಎಂದೆ.

ದವಾಖಾನೆಯಲ್ಲಿ ತಂಗಿಯ ಗಂಡ ಮಲಗಿದ್ದ, ಜೀವಕ್ಕೆ ಅಪಾಯವಿಲ್ಲ ಎಂದಿದ್ದರು. ಅವನೆದುರು ಏನು ಮಾತಾಡಬೇಕೋ ತಿಳಿಯದೆ ಇವರು ಕಿಸೆಯಿಂದ ರೈಲಿನಲ್ಲಿ ತಮಗೆ ಬರೆದುಕೊಟ್ಟ ದಂಡದ ರಸೀದಿ ತೆಗೆದು ಅವನ ಅಂಗೈಯಲ್ಲಿಟ್ಟರಂತೆ. ಅವನು ಅದನ್ನು ಕಣ್ಣ ಹತ್ತಿರ ಹಿಡಿದು ಓದಿದ.

‘ನಮ್ಮನ್ನ ದರೋಜ್ಯಾಗ ಇಳಿಸಿದ್ದಿ ಭಾವಾ. ನಿನ್ನ ಎಲ್ಲಿ ಇಳಿಸಿದ್ರು?’

ಹೇಳಿ ನಗತೊಡಗಿದವನು ನರ್ಸ್ ಬಂದು ಗದರುವ ತನಕ ನಿಲ್ಲಿಸಲಿಲ್ಲವಂತೆ. ತಂಗಿ ಆಗಲೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಅಣ್ಣನ ಕೈಯಲ್ಲಿ ಒಣಗಿದ್ದ ಪಲ್ಯದ ಎಣ್ಣೆ ಕಂಡು, ಅರ್ಧ ಊಟಕ್ಕೆ ಎದ್ದು ಬಂದೆಯೇನು ಎಂದಳು. ಅಷ್ಟೇ. ಅಷ್ಟು ವರ್ಷದ ಮೇಲೆ ಅಷ್ಟೇ, ಮತ್ತು ಅಷ್ಟು ಸಾಕಾಯಿತು.

ಗಂಡನ ಮೈ ಸುಧಾರಿಸುವ ತನಕ ಅಕ್ಕಿ ಅಂಗಡಿಯಲ್ಲಿ ಕೂರಲು ಕಂಪ್ಲಿಗೆ ಹೋದವರು ಅಲ್ಲೇ ಉಳಿದರು. ಮನೆ ಬಾಡಿಗೆಗೆ ಕೊಟ್ಟರು. ಅಂಗಡಿಯಲ್ಲಿ ಗಿರಾಕಿಗಳ ಕೈ ನೋಡುತ್ತಾ ಕೂರುತ್ತಾರೆ ಎಂದು ಸುದ್ದಿ ಬರುತ್ತಿತ್ತು. ಆಗಾಗ ನನಗೆ ಫೋನು ಮಾಡುತ್ತಿದ್ದರು. ನಾನು ಎತ್ತಿದ ಕೂಡಲೇ ಮೊದಲು ‘ನಿನ್ನಿ ರೊಟ್ಟಿ’, ಆಮೇಲೆ ಕುಶಲ. ಯಾವ ಹೊಸ ಮೋಸ ನಡೆಯುತ್ತಿದೆ, ಯಾವ ಲಿಂಕು ಒತ್ತಬಾರದು ಎಂಬ ವರದಿ. ಒಮ್ಮೆ ನಾನು ಕೇಳಿದೆ, ತಂಗಿಗೆ ಯಾವ ಟಿಕೆಟ್ ಕೊಟ್ಟಿರಿ ಎಂದು.

‘ಆಕಿಗೆ ಬ್ಯಾಡ್ರಿ. ಆಕಿ ಸುಮ್ನಿದ್ರ ಸಾಕು, ಆಕಿನ ಅಂತ ಗೊತ್ತಾಗ್ತೈತಿ.’

ಇನ್ನು ಮೊದಲಿನ ಫೋನಿಗೆ ಬರುತ್ತೇನೆ. ಬೆಳಗಿನ ಹೊತ್ತು, ರೊಟ್ಟಿಗೆ ಹಿಟ್ಟು ನಾದಿಸುತ್ತಿದ್ದೆ. ಗೊತ್ತಿಲ್ಲದ ನಂಬರು. ಟಿ.ಸಿ. ಸಾಹೇಬರು ಹೋಗಿಬಿಟ್ಟರು, ಮಲಗಿದಲ್ಲೇ ಹೋದರು, ಮಣ್ಣು ಮಧ್ಯಾಹ್ನ, ಜಲ್ದಿ ಬನ್ನಿ ಎಂದು ಒಂದು ಹೆಂಗಸಿನ ದನಿ. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ನಾಲಗೆ ಅವರು ಕಲಿಸಿದ್ದನ್ನೇ ಆಡಿತು. ‘ಟಿಕೆಟ್?’ ಎಂದೆ.

ಆ ಕಡೆ ಮಾತು ನಿಂತಿತು. ಕಟ್ಟಾಗಲಿಲ್ಲ, ಬೈಯಲಿಲ್ಲ, ಅವಸರ ಮಾಡಲಿಲ್ಲ. ಭರಣಿಗೆ ಒರಗಿದ ಫೋನಿನಿಂದ ನಾನು ಒಮ್ಮೆ ಕೇಳಿದ್ದ ಅದೇ ಮೌನ. ಆ ಮೌನಕ್ಕೇ ನನ್ನ ಕಣ್ಣು ತುಂಬಿತು. ಆಮೇಲೆ ಆಕೆ ಮೆಲ್ಲಗೆ ಹೇಳಿದಳು.

‘ನಿನ್ನಿ ರೊಟ್ಟಿ ಅಂತ ಹೇಳು ಅಂದಿದ್ನಮ್ಮ ಅಣ್ಣ. ನೀವು ಕೇಳಿದ್ರ ಮಾತ್ರ ಹೇಳು ಅಂದಿದ್ದ. ಕೇಳದ ನಂಬಿದ್ರ, ನಾ ಕಲಿಸಿದ್ದೆಲ್ಲ ದಂಡ ಆತು ಅಂತ ಬೈದು ಬಿಡು ಅಂದಿದ್ದ.’

ಅಳು ಬಂತು. ಅಳುವಿನ ನಡುವೆಯೇ ಸಿಟ್ಟು ಬಂತು. ಸಾಯುವ ಮೊದಲೂ ನನ್ನನ್ನು ತಪಾಸಣೆಗೆ ನಿಲ್ಲಿಸಿ ಹೋಗಿದ್ದರಲ್ಲ ಈ ಮನುಷ್ಯ. ಪಾಸಾದೆ ಎಂಬ ಸಣ್ಣ ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನಮ್ಮ ಅಡುಗೆ ಹೆಂಗಸರನ್ನೆಲ್ಲ ರೊಟ್ಟಿ ಬಡಿಯಲು ಕೂರಿಸಿದೆ, ಸುಟ್ಟ ರೊಟ್ಟಿಗಳನ್ನು ದೊಡ್ಡ ಬಟ್ಟೆಯಲ್ಲಿ ಗಂಟು ಕಟ್ಟಿ ಕಂಪ್ಲಿಯ ಬಸ್ಸು ಹತ್ತಿದೆ. ಕಂಡಕ್ಟರ್ ಬಂದು ಎದುರು ನಿಂತ. ನಾನು ಮಾತಾಡದೆ ಆಧಾರ್ ಕಾರ್ಡು ತೋರಿಸಿ, ಅವನು ಕೊಟ್ಟ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಕಮಲಾಪುರ ದಾಟಿದ ಮೇಲೆ ಮಡಿಲಲ್ಲಿದ್ದ ಗಂಟನ್ನು ಸ್ವಲ್ಪ ಬಿಚ್ಚಿ, ಬೆರಳ ಹಿಂಬದಿಯಿಂದ ರೊಟ್ಟಿ ಮುಟ್ಟಿ ನೋಡಿದೆ. ಇನ್ನೂ ಬಿಸಿ ಇತ್ತು.